ಹಂಡೆಯ ತಳದ ಸುಣ್ಣ

ನೀರಿಗೆ ರುಚಿಯಿಲ್ಲ ಎಂದು ಶಾಲೆಯಲ್ಲಿ ಓದಿದವರು ಹಿರೀಸಾವೆ ಕಡೆಯ ಬೋರ್‌ವೆಲ್ ನೀರನ್ನು ಒಂದು ಲೋಟ ನಿಧಾನವಾಗಿ ಕುಡಿದು ನೋಡಬೇಕು. ಮೊದಲು ತಂಪು, ಆಮೇಲೆ ನಾಲಗೆ ತುಂಬುವ ರುಚಿ, ನುಂಗಿದ ಮೇಲೆ ಗಂಟಲಲ್ಲಿ ತುಸು ಒಗರು. ಹಿಡಿದಿಟ್ಟ ಮಳೆನೀರು ಇದರ ಮುಂದೆ ತೀರಾ ಸಪ್ಪೆ.

ಈ ರುಚಿ ಕಲ್ಲಿನದು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ನೋಡಿದವರಿಗೆ ಈ ಸೀಮೆಯ ಕಲ್ಲಿನ ಗಟ್ಟಿತನ ಗೊತ್ತು. ಅಂಥ ಗ್ರಾನೈಟನ್ನೂ ಮಳೆನೀರು ಕರಗಿಸುತ್ತದೆ. ಗಾಳಿಯಿಂದ ಒಂದಿಷ್ಟು, ಬೇರುಗಳು ಉಸಿರಾಡುವ ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೀರಿ ಅದು ಮೆದುವಾದ ಆಮ್ಲವಾಗುತ್ತದೆ. ಕಲ್ಲಿನೊಳಗಿನ ಫೆಲ್ಡ್‌ಸ್ಪಾರನ್ನು ವರ್ಷಗಟ್ಟಲೆ ಸವೆಸಿ ಕ್ಯಾಲ್ಸಿಯಂ ಬಿಡಿಸಿಕೊಳ್ಳುತ್ತದೆ. ಬಿಡಿಯಾದ ಒಂದೊಂದು ಕ್ಯಾಲ್ಸಿಯಂ ಅಯಾನಿನ ಸುತ್ತ ನೀರಿನ ಅಣುಗಳು ತಮ್ಮ ಆಮ್ಲಜನಕದ ಬದಿಯನ್ನು ಒಳಕ್ಕೆ ತಿರುಗಿಸಿ ಮುತ್ತಿಕೊಳ್ಳುತ್ತವೆ. ಕಲ್ಲನ್ನೇ ಹೊತ್ತು ಬಂದರೂ ಲೋಟದ ತಳ ಕಾಣುವಷ್ಟು ತಿಳಿ!

ಇಂಥ ನೀರಲ್ಲಿ ಬೇಳೆ ಬೇಗ ಬೇಯದು, ಸೋಪು ನೊರೆ ಬಿಡದು. ಮನೆಮಂದಿಯ ಆ ದೂರು ನ್ಯಾಯವೇ.

ನನಗೆ ಮಾತ್ರ ಬಚ್ಚಲ ಹಂಡೆಯ ಒಳಮೈಗೆ ಕಟ್ಟಿದ ಬಿಳಿ ಪದರ ನೋಡಿದಷ್ಟೂ ಸಾಲದು. ನೀರು ಕಾದಾಗ, ನೆಲದಲ್ಲಿ ಹೀರಿದ ಇಂಗಾಲದ ಡೈಆಕ್ಸೈಡಿನಿಂದಾಗಿ ಕರಗಿದ್ದ ಬೈಕಾರ್ಬೊನೇಟ್ ಒಡೆದು ಅರ್ಧದಷ್ಟು ಅನಿಲ ಹಾರಿಹೋಗುತ್ತದೆ, ಉಳಿದರ್ಧ ಕ್ಯಾಲ್ಸಿಯಂ ಜೊತೆ ಕಾರ್ಬೊನೇಟಾಗಿ ಕೂರುತ್ತದೆ. ಆ ಪದರದ ಒಂದು ಚೂರು ಕೆರೆದು ತಟ್ಟೆಯಲ್ಲಿಟ್ಟು ನಾಲ್ಕು ಹನಿ ನಿಂಬೆರಸ ಹಿಂಡಿ. ಅಂಚಿನಿಂದ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಏಳುತ್ತವೆ; ಕಿವಿ ಹತ್ತಿರ ಹಿಡಿದರೆ ಚುರುಚುರು ಸದ್ದೂ ಕೇಳುತ್ತದೆ. ನೆಲದೊಳಗೆ ನೀರು ಸೇರಿದ್ದ ಅನಿಲದ ಆ ಉಳಿದರ್ಧ ಈಗ ಹೊರಟಿತು.

ಇದೇ ನೀರನ್ನು ತೆಂಗಿನ ಬೇರು ಹೀರಿದರೆ ಕಥೆಯೇ ಬೇರೆ. ಚನ್ನರಾಯಪಟ್ಟಣ ಸೀಮೆಯ ತೋಟದ ಎಳನೀರಿನಲ್ಲಿ ಪೊಟ್ಯಾಸಿಯಮ್ಮಿನದೇ ಮೇಲುಗೈ: ಲೀಟರಿಗೆ ಸುಮಾರು ಎರಡು ಗ್ರಾಂ. ಬೇರು ತನಗೆ ಬೇಕಾದ ಅಯಾನನ್ನು ಆರಿಸಿಕೊಳ್ಳುತ್ತದೆ, ಮರ ಅದಕ್ಕೆ ಸಕ್ಕರೆ ಬೆರೆಸುತ್ತದೆ. ಎಳನೀರಿನ ಸಿಹಿಯ ಅಡಿಯಲ್ಲಿ ಸಿಗುವ ತೆಳು ಉಪ್ಪು ಈ ಲವಣಗಳದ್ದೇ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ವಸ್ತುಗಳು ಇರಬಹುದು; ಬೇರೆ ನೀರು ಸಿಗದ ಕಡೆ 2000ದವರೆಗೂ ಅನುಮತಿಯಿದೆ. ನಿಮ್ಮ ಬೋರಿನ ನೀರನ್ನು ಫ್ಲೋರೈಡ್, ನೈಟ್ರೇಟ್, ರೋಗಾಣುಗಳಿಗಾಗಿ ತಪ್ಪದೆ ಪರೀಕ್ಷೆ ಮಾಡಿಸಿ. ಪಾಸಾದರೆ, ಎಲ್ಲವನ್ನೂ ಸೋಸಿ ಸಪ್ಪೆ ಮಾಡುವ ಫಿಲ್ಟರು ಕೂರಿಸುವ ಮೊದಲು ಮಣ್ಣಿನ ಮಡಕೆಯಲ್ಲಿ ಒಂದು ರಾತ್ರಿ ಇಟ್ಟು ಕುಡಿದು ನೋಡಿ.