ವಾಲಿಯ ಪ್ರಶ್ನೆಗೆ ಕಿವಿಗೊಡಿ: ತಾಳಮದ್ದಳೆಗೆ ಹೊಸಬರಾದವರಿಗೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಅಂದರೆ ಮೇ ಕೊನೆಯಿಂದ ದೀಪಾವಳಿಯ ಆಸುಪಾಸಿನ ತನಕ, ಕರಾವಳಿಯಲ್ಲಿ ತಾಳಮದ್ದಳೆಯ ಕಾಲ. ಅಲ್ಲಿಂದ ಬಂದು ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ನೆಲೆಸಿದವರು ಆ ರುಚಿಯನ್ನೂ ಜೊತೆಗೇ ತಂದಿದ್ದಾರೆ. ನಮ್ಮ ಶ್ರೀಗಂಧದ ಕಾವಲಿನಲ್ಲಿ ಉಡುಪಿ, ಪುತ್ತೂರು, ಶಿರಸಿಯ ಕಡೆಯವರ ಪಕ್ಕದ ಮನೆಯಲ್ಲೇ ಮಂಡ್ಯ, ತುಮಕೂರು, ರಾಯಚೂರಿನವರಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ. ‘ವೇಷವಿಲ್ಲ, ಕುಣಿತವಿಲ್ಲ, ನಾಲ್ಕು ಜನ ಕೂತು ಮಾತಾಡುತ್ತಾರೆ, ಅದರಲ್ಲೇನಿದೆ ನೋಡುವುದಕ್ಕೆ?’ ಎಂದು ಅವರು ಕೇಳುವುದುಂಟು. ನೋಡುವುದಕ್ಕೆ ನಿಜವಾಗಿ ಏನೂ ಇಲ್ಲ. ಆದರೆ ಮಾತಿಗೆ ಇಷ್ಟು ಸ್ವಾತಂತ್ರ್ಯ, ಎದುರುಮಾತಿಗೆ ಇಷ್ಟು ಮರ್ಯಾದೆ ಕೊಟ್ಟ ಕಲೆ ಕನ್ನಡದಲ್ಲಿ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ.

ಏರ್ಪಾಡು ಸರಳ. ಭಾಗವತರು ಪ್ರಸಂಗದ ಪದವನ್ನು ಹಾಡುತ್ತಾರೆ. ಚೆಂಡೆ, ಮದ್ದಳೆ, ಶ್ರುತಿ ಹಿಮ್ಮೇಳದಲ್ಲಿರುತ್ತವೆ. ಮುಂದೆ ಎದುರುಬದುರಾಗಿ ಕೂತ ಅರ್ಥಧಾರಿಗಳು ಆ ಪದಕ್ಕೆ ಅರ್ಥ ಹೇಳುತ್ತಾರೆ, ಪಾತ್ರವೇ ತಾವಾಗಿ ಮಾತಾಡುತ್ತಾರೆ. ಪದ ಮೊದಲೇ ಬರೆದಿಟ್ಟದ್ದು. ಮಾತು ಮಾತ್ರ ಆ ಹೊತ್ತಿಗೆ ಹುಟ್ಟಿದ್ದು, ಬರೆದುಕೊಂಡ ಸಂಭಾಷಣೆಯಿಲ್ಲ. ನಿನ್ನೆ ಕೇಳಿದ ಪ್ರಸಂಗವನ್ನೇ ಇವತ್ತು ಅದೇ ಕಲಾವಿದರಿಂದ ಕೇಳಿದರೂ ಮಾತು ಬೇರೆಯಾಗಿರುತ್ತದೆ. ಇದು ನಿನ್ನೆ ಮೊನ್ನೆಯ ಪದ್ಧತಿಯೂ ಅಲ್ಲ. ಬಳ್ಳಾರಿ ಸೀಮೆಯ ಕುರುಗೋಡು ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಕೊಟ್ಟ ದತ್ತಿಯ ಪ್ರಸ್ತಾಪವಿದೆ.

ಹೊಸಬರು ಮೊದಲು ಬಿಡಬೇಕಾದದ್ದು ‘ಯಾರು ಗೆಲ್ಲುತ್ತಾರೆ’ ಎಂಬ ಕುತೂಹಲವನ್ನು. ಕಥೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು, ಕೃಷ್ಣನ ಸಂಧಾನ ಮುರಿಯಲೇಬೇಕು. ಅದನ್ನು ಬದಲಿಸುವ ಅಧಿಕಾರ ಯಾವ ಅರ್ಥಧಾರಿಗೂ ಇಲ್ಲ. ಫಲ ಮೊದಲೇ ತೀರ್ಮಾನವಾಗಿರುವುದರಿಂದಲೇ ಸೋಲುವ ಪಕ್ಷಕ್ಕೆ ಇಲ್ಲಿ ಪೂರ್ತಿ ಅವಕಾಶ ಸಿಗುತ್ತದೆ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ವಾಲ್ಮೀಕಿಯಲ್ಲೇ ಆ ಪ್ರಶ್ನೆಗಳು ಬಲವಾಗಿವೆ: ನಾನು ಇನ್ನೊಬ್ಬನೊಡನೆ ಕಾದುತ್ತಿದ್ದಾಗ ಮರೆಯಲ್ಲಿ ನಿಂತು ಹೊಡೆದೆಯಲ್ಲ? ನಿನ್ನ ನಾಡಿಗೆ, ನಿನ್ನ ಊರಿಗೆ ನಾನೇನು ಕೇಡು ಮಾಡಿದ್ದೆ? ನನ್ನಲ್ಲಿಗೆ ಬಂದು ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿದ್ದೆನಲ್ಲ? ರಾಮನ ಉತ್ತರವೂ ಅಲ್ಲೇ ಇದೆ: ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಧರ್ಮ ತಪ್ಪಿದವರನ್ನು ದಂಡಿಸುವುದು ನಮ್ಮ ಹೊಣೆ, ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನು ನೀನು. ಕೂಟದಲ್ಲಿ ಈ ಒಂದು ಘಟ್ಟ ಗಂಟೆಗಟ್ಟಲೆ ಬೆಳೆಯಬಲ್ಲದು. ರಾಜನೀತಿ ಯಾವುದು, ಕಾಡಿನ ಜೀವಿಗೆ ಊರಿನ ಧರ್ಮ ಅನ್ವಯಿಸುತ್ತದೆಯೇ, ಶಿಕ್ಷೆ ಕೊಡುವವನು ಆರೋಪಿಯ ಮಾತು ಕೇಳದೆ ಕೊಡಬಹುದೇ ಎಂದು ಎಳೆ ಎಳೆಯಾಗಿ ವಾದ ಬಿಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಇದು ನಡೆಯುವುದು ದೇವಸ್ಥಾನದ ಅಂಗಳದಲ್ಲಿ, ರಾಮನ ಭಕ್ತರ ಎದುರಿಗೆ. ದೇವರನ್ನೇ ಕಟಕಟೆಯಲ್ಲಿ ನಿಲ್ಲಿಸಿದ ವಾಲಿಗೆ ಆ ಭಕ್ತರೇ ತಲೆದೂಗುತ್ತಾರೆ. ಅವರ ನಂಬಿಕೆಗೆ ಇದರಿಂದ ಕುಂದು ಬಂದಿಲ್ಲ. ಒಂದು ಮಾತಿಗೆ, ಒಂದು ಚಿತ್ರಕ್ಕೆ, ಒಂದು ನಗೆಗೆ ದೂರು ದಾಖಲಾಗುವ ಈ ದಿನಗಳಲ್ಲಿ ಈ ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ರಾಮನ ಅರ್ಥ ಹೇಳುವವರನ್ನು ಅಳೆಯುವಾಗ ವಾಲಿಯನ್ನು ಅವರು ಹೇಗೆ ಕೇಳಿಸಿಕೊಂಡರು ಎಂಬುದನ್ನು ಗಮನಿಸಿ. ಎದುರಿನವರ ಅತ್ಯಂತ ಗಟ್ಟಿಯಾದ ಮಾತನ್ನು ಎತ್ತಿಕೊಂಡು ಉತ್ತರಿಸಿದರೋ, ಸಡಿಲ ಮಾತೊಂದನ್ನು ಹಿಡಿದು ಜಗ್ಗಿದರೋ? ಸಿದ್ಧಪಡಿಸಿಕೊಂಡು ಬಂದ ಪೀಠಿಕೆ ಯಾರಿಗೂ ಸಾಧ್ಯ. ಮೊದಲ ಪ್ರಶ್ನೆ ಬಿದ್ದ ಮೇಲಿನ ಮಾತಿನಲ್ಲೇ ಕಲಾವಿದ ಗೊತ್ತಾಗುವುದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪ್ರತಿಪಕ್ಷದ ಪಾತ್ರಗಳಿಗೆ ಬುದ್ಧಿಯ ಘನತೆ ತಂದುಕೊಟ್ಟರು. ಅದೇ ಶೇಣಿಯವರು ಯಕ್ಷಗಾನದ ರಂಗದಲ್ಲಿ ಬಪ್ಪಬ್ಯಾರಿಯಾಗಿ, ಮುಸ್ಲಿಂ ವ್ಯಾಪಾರಿಯ ಪಾತ್ರದಲ್ಲಿ, ಮನೆಮಾತಾದರು. ದೇರಾಜೆ ಸೀತಾರಾಮಯ್ಯನವರದ್ದು ಇನ್ನೊಂದು ದಾರಿ: ಪಾತ್ರದ ಮನಸ್ಸನ್ನು ಹೊಕ್ಕು ಮೆಲುದನಿಯಲ್ಲಿ ಆಡುವ ಮಾತು. ಇಬ್ಬರ ಹಳೆಯ ಧ್ವನಿಮುದ್ರಿಕೆ ಸಿಕ್ಕರೆ ಒಂದರ ಹಿಂದೊಂದು ಕೇಳಿ.

ಇನ್ನು ನಗು. ತಾಳಮದ್ದಳೆಯ ಹಾಸ್ಯ ಬಿಡಿ ಚಟಾಕಿಯದ್ದಲ್ಲ, ಅದು ವಾದದ ಒಳಗೇ ಇರುತ್ತದೆ. ಕೃಷ್ಣಸಂಧಾನದಲ್ಲಿ ಅರಮನೆ ಬಿಟ್ಟು ವಿದುರನ ಮನೆಯಲ್ಲಿ ಉಂಡ ಕೃಷ್ಣನನ್ನು ಕೌರವ ಹಂಗಿಸುತ್ತಾನೆ, ಕೃಷ್ಣ ನಗುತ್ತಲೇ ಆ ಹಂಗನ್ನು ಹಿಂದಿರುಗಿಸುತ್ತಾನೆ. ಇದಕ್ಕಿಂತ ನನಗೆ ಮೆಚ್ಚು ಶಲ್ಯನ ಪ್ರಕರಣ. ಕರ್ಣನಿಗೆ ಸಾರಥಿಯಾಗಲು ಒಪ್ಪುವ ಮುಂಚೆ ಶಲ್ಯ ಒಂದು ಷರತ್ತು ಹಾಕುತ್ತಾನೆ: ಕರ್ಣನ ಎದುರು ನನಗೆ ತೋಚಿದ್ದನ್ನು ಆಡುತ್ತೇನೆ, ಯಾರೂ ತಡೆಯಕೂಡದು. ದುರ್ಯೋಧನನೂ ಕರ್ಣನೂ ಒಪ್ಪುತ್ತಾರೆ. ಆಮೇಲೆ ರಥದ ಮೇಲೆ ಕೂತೇ ಶಲ್ಯ ಹಂಸ–ಕಾಗೆಯ ಕಥೆ ಹೇಳಿ ಕರ್ಣನನ್ನು ಲೇವಡಿ ಮಾಡುತ್ತಾನೆ. ಕರ್ಣ ಕೆರಳುತ್ತಾನೆ, ಮದ್ರದೇಶದವರನ್ನೆಲ್ಲ ಹಳಿಯುತ್ತಾನೆ, ಆದರೂ ಕೊಟ್ಟ ಮಾತಿಗೆ ಕಟ್ಟುಬಿದ್ದು ಸಹಿಸುತ್ತಾನೆ. ಒಳ್ಳೆಯ ಅರ್ಥಧಾರಿ ಶಲ್ಯನಾದಾಗ ಸಭೆ ನಗುತ್ತದೆ. ಆ ನಗುವಿನ ನಡುವೆಯೇ ಕರ್ಣನ ಮೇಲೆ ಮರುಕ ಹುಟ್ಟುತ್ತದೆ. ಎರಡೂ ಒಟ್ಟಿಗೆ ಬಂದರೆ ಕೂಟ ಗೆದ್ದಿತೆಂದೇ ತಿಳಿಯಿರಿ.

ಇಷ್ಟು ಸಲಿಗೆಗೆ ಕಟ್ಟುಪಾಡೂ ಇದೆ. ಪಾತ್ರ ಪಾತ್ರವನ್ನು ಎಷ್ಟು ಬೇಕಾದರೂ ಹಳಿಯಬಹುದು, ಅರ್ಥಧಾರಿ ಅರ್ಥಧಾರಿಯನ್ನು ಹಳಿಯಕೂಡದು. ಮಾತು ಆ ಗೆರೆ ದಾಟುವಂತೆ ಕಂಡರೆ ಅನುಭವಿ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ. ಚೆಂಡೆಯ ಪೆಟ್ಟಿಗೆ ಜಗಳ ಅಲ್ಲಿಗೇ ನಿಲ್ಲುತ್ತದೆ. ಈಚಿನ ಕೆಲವು ಕೂಟಗಳಲ್ಲಿ ಚಪ್ಪಾಳೆಯ ಆಸೆಗೆ ದನಿ ಏರುವುದನ್ನು, ಎದುರಿನವರಿಗೆ ಮಾತೇ ಬಿಡದಿರುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಹಿಂದೆ ಇಡೀ ರಾತ್ರಿ ನಡೆಯುತ್ತಿದ್ದದ್ದು ಈಗ ಮೂರು ಗಂಟೆಗೆ ಇಳಿದಿರುವುದೂ ಇದಕ್ಕೆ ಒಂದು ಕಾರಣ. ಅಂಥ ಕಡೆ ಕೇಳುಗರು ಚಪ್ಪಾಳೆ ತಟ್ಟದೆ ಸುಮ್ಮನಿದ್ದರೆ ಅದೇ ದೊಡ್ಡ ವಿಮರ್ಶೆ.

ಇಲ್ಲಿ ಮಾತಿಗೆ ಹಕ್ಕು ಬರುವುದು ಓದಿನಿಂದ, ಅಭ್ಯಾಸದಿಂದ. ಸಂಪಾಜೆಯ ಜಬ್ಬಾರ್ ಸಮೊ ಅವರು ಪುರಾಣದ ಪಾತ್ರಗಳಿಗೆ ಅರ್ಥ ಹೇಳಿ ಮೊದಲ ಸಾಲಿನಲ್ಲಿ ನಿಂತಿದ್ದಾರೆ. ಕುಂಬಳೆ ಸುಂದರ ರಾವ್ ಕೂಟದಿಂದ ಶಾಸನಸಭೆಗೇ ಹೋದರು, 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಗೆದ್ದು. ಹೆಂಗಸರ ತಂಡಗಳೂ ಈಗ ಹಲವಾಗಿವೆ.

ಮೊದಲ ಸಲ ಹೋಗುವವರು ವಾಲಿವಧೆಯನ್ನೋ ಕೃಷ್ಣಸಂಧಾನವನ್ನೋ ಆರಿಸಿಕೊಳ್ಳಿ. ಹಿಂದಿನ ದಿನ ಕಥೆಯನ್ನೊಮ್ಮೆ ಓದಿಕೊಳ್ಳಿ, ಮಕ್ಕಳಿಗೂ ಹೇಳಿ ಕರೆದುಕೊಂಡು ಹೋಗಿ. ಸಂಸ್ಕೃತದ ಮಾತು ಕೆಲವು ಕಡೆ ಬಿಟ್ಟುಹೋದರೆ ಅಳುಕಬೇಡಿ, ವಾದದ ದಿಕ್ಕು ತಪ್ಪದಿದ್ದರೆ ಸಾಕು. ನಿಮಗೆ ಯಾವ ಪಾತ್ರ ಇಷ್ಟವಿಲ್ಲವೋ ಅದರ ಅರ್ಥ ನಡೆಯುವಾಗ ಮೊಬೈಲು ತೆಗೆಯಬೇಡಿ, ಚಹಾ ಕುಡಿಯಲೂ ಏಳಬೇಡಿ. ಮಂಗಳ ಹಾಡುವ ತನಕ ಕೂತಿರಿ.