ಕೋರ್ಟ್ ಇದೆ, ಎದುರಾಳಿ ಎಲ್ಲಿ?

ಠಾಣೆಯ ಘೋಡ್‌ಬಂದರ್ ರಸ್ತೆ, ಡೊಂಬಿವಲಿ-ಕಲ್ಯಾಣದ ಹೊಸ ಬಡಾವಣೆ, ನವಿಮುಂಬಯಿಯ ಖಾರ್‌ಘರ್: ಎಲ್ಲಿಯದೇ ಆಗಲಿ, ದೊಡ್ಡ ವಸತಿ ಸಂಕೀರ್ಣದ ಜಾಹೀರಾತು ತೆಗೆದು ನೋಡಿ. ಈಜುಕೊಳ, ಜಿಮ್‌ಗಳ ಜೊತೆ ಸ್ಕ್ವಾಷ್ ಕೋರ್ಟ್ ಕೂಡ ಎಷ್ಟೋ ಸಲ ಪಟ್ಟಿಯಲ್ಲಿರುತ್ತದೆ. 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಕೋಣೆಯಾದರೆ ಸಾಕು. ಬಿಲ್ಡರ್‌ಗೆ ಅದು ಭಾರವಲ್ಲ. ಆದರೆ ಕೋರ್ಟ್ ಕಟ್ಟಿದಷ್ಟು ಸುಲಭವಾಗಿ ಆಟಗಾರರು ತಯಾರಾಗುವುದಿಲ್ಲ.

ಕೊಡಗು ಮೂಲದ, ಚೆನ್ನೈನಲ್ಲಿ ಹುಟ್ಟಿ ಬೆಳೆದ ಸ್ಕ್ವಾಷ್ ಆಟಗಾರ್ತಿ ಜೋಷ್ನಾ ಚಿನ್ನಪ್ಪ ಅವರನ್ನೇ ನೋಡಿ. ತಂದೆ ಅಂಜನ್ ಅವರೂ ಸ್ಕ್ವಾಷ್ ಆಡಿದವರು. 2000ದಲ್ಲಿ, ಹದಿನಾಲ್ಕರ ವಯಸ್ಸಿಗೆ ಜೋಷ್ನಾ ರಾಷ್ಟ್ರೀಯ ಚಾಂಪಿಯನ್. 2005ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್‌ನ 19 ವರ್ಷದೊಳಗಿನವರ ಪ್ರಶಸ್ತಿ. ಇಷ್ಟಾದ ಮೇಲೂ ವಿಶ್ವದ ಮೊದಲ ಹತ್ತರೊಳಗೆ ಬರಲು 2016ರವರೆಗೆ ಕಾಯಬೇಕಾಯಿತು. ಜೂನಿಯರ್ ಕಪ್‌ಗಳ ಗುಂಗಿನಲ್ಲಿರುವ ಪಾಲಕರು ಈ ಅಂತರವನ್ನು ಗಮನಿಸಬೇಕು. ಕೆಳ ಹಂತದ ಟೂರ್ನಿಗಳಲ್ಲಿ ಗೆದ್ದ ಬಹುಮಾನ ವಿಮಾನದ ಟಿಕೆಟ್‌ಗೂ ಸಾಲದ ವರ್ಷಗಳು ಈ ವೃತ್ತಿಯಲ್ಲಿ ಮಾಮೂಲು.

ಆ ವರ್ಷಗಳನ್ನು ದಾಟಿಸುವುದು ಎದುರಾಳಿಗಳ ಸಹವಾಸ. ಸ್ಕ್ವಾಷ್‌ನಲ್ಲಿ ಒಬ್ಬರೇ ಗೋಡೆಗೆ ಹೊಡೆದು ಕೈ ಪಳಗಿಸಿಕೊಳ್ಳಬಹುದು, ಕಣ್ಣು ಪಳಗುವುದಿಲ್ಲ. ಹೊಡೆತ ಮುಗಿದ ಕೂಡಲೇ ಕೋರ್ಟ್ ನಡುವಿನ ‘ಟಿ’ಗೆ ಮರಳಬೇಕು, ಎದುರಾಳಿಯ ಭುಜ, ರಾಕೆಟ್ ತಿರುಗುವ ಬಗೆ ನೋಡಿ ಮುಂದಿನ ಗೋಡೆಯ ಬಳಿಯೇ ಮೆಲ್ಲಗೆ ಬೀಳುವ ಡ್ರಾಪ್ ಬರುತ್ತದೋ, ಎತ್ತರಕ್ಕೇರಿ ಹಿಂದೆ ಬೀಳುವ ಲಾಬ್ ಬರುತ್ತದೋ ಎಂದು ಮೊದಲೇ ಊಹಿಸಬೇಕು. ಈ ವಿದ್ಯೆಯನ್ನು ಯಾವ ಗೋಡೆಯೂ ಕಲಿಸದು.

ಚೆನ್ನೈ ಗೆದ್ದದ್ದು ಇಲ್ಲೇ. ಜೋಷ್ನಾಗೆ ಅದೇ ಊರಿನಲ್ಲಿ ಮತ್ತೊಬ್ಬ ಆಟಗಾರ್ತಿ ದೀಪಿಕಾ ಪಳ್ಳಿಕಲ್ ಇದ್ದರು. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಡಬಲ್ಸ್ ಚಿನ್ನವನ್ನು ಇಬ್ಬರೂ ಜೊತೆಯಾಗಿ ತಂದರು. ಮೂರು ವರ್ಷಗಳ ನಂತರ ಚೆನ್ನೈನಲ್ಲೇ ನಡೆದ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಎದುರುಬದುರು ನಿಂತು ಐದು ಗೇಮ್ ಹೋರಾಡಿದರು. ಗೆದ್ದ ಜೋಷ್ನಾ, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆ. 2025ರ ಡಿಸೆಂಬರ್‌ನಲ್ಲಿ ಭಾರತ ಮೊದಲ ಬಾರಿ ಸ್ಕ್ವಾಷ್ ವಿಶ್ವಕಪ್ ಗೆದ್ದಾಗ ತಂಡದಲ್ಲಿದ್ದ ನಾಲ್ವರಲ್ಲಿ ಜೋಷ್ನಾ, ಅಭಯ್ ಸಿಂಗ್, ವೇಲವನ್ ಸೆಂಥಿಲ್‌ಕುಮಾರ್ ಮೂವರೂ ತಮಿಳುನಾಡಿನವರು. ದೆಹಲಿಯ ಅನಾಹತ್ ಸಿಂಗ್ ನಾಲ್ಕನೆಯವರು. ಆಗ ಜೋಷ್ನಾಗೆ 39 ವರ್ಷ.

ಆದರೆ ಮುಂಬಯಿ ಸುತ್ತಲಿನ ನಮ್ಮ ಉಪನಗರಗಳಲ್ಲಿ ಕೋರ್ಟ್‌ಗಳು ಚದುರಿಹೋಗಿವೆ. ಒಂದೊಂದಕ್ಕೂ ಒಂದು ಗೇಟು, ಒಬ್ಬ ವಾಚ್‌ಮನ್, ‘ಸದಸ್ಯರಿಗೆ ಮಾತ್ರ’ ಎಂಬ ಫಲಕ. ಒಳಗಿರುವ ಹುಡುಗಿಗೆ ಎದುರಾಳಿಯಿಲ್ಲ, ಎದುರಾಳಿಯಾಗಬಲ್ಲ ಹುಡುಗಿಗೆ ಒಳಗೆ ಪ್ರವೇಶವಿಲ್ಲ. ನಾಲ್ಕಾರು ಸೊಸೈಟಿಗಳು ಕೂಡಿಕೊಂಡು ಮಕ್ಕಳಿಗೊಂದು ಲೀಗ್ ನಡೆಸಿದರೆ ಹೊಸ ಇಟ್ಟಿಗೆ ಬೇಕಿಲ್ಲ, ಸರಕಾರದ ಅನುದಾನವೂ ಬೇಕಿಲ್ಲ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಮೊದಲ ಬಾರಿ ಸೇರುತ್ತಿದೆ. ಅದನ್ನು ಕಂಡು ರಾಕೆಟ್ ಕೇಳುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಸೊಸೈಟಿಯ ಕಾರ್ಯದರ್ಶಿಗಳೇ, ಭಾನುವಾರ ಬೆಳಗ್ಗೆಯಾದರೂ ಆ ಕೋರ್ಟ್‌ನ ಬೀಗ ತೆಗೆಸಿ, ಪಕ್ಕದ ಸೊಸೈಟಿಯ ಮಕ್ಕಳನ್ನೂ ಕರೆಯಿರಿ.