ಸಹಸಂಬಂಧ ಗುಣಾಂಕದ ಮೇಲಿನ ನಕ್ಷತ್ರ

ಜೀವವಿಜ್ಞಾನದ ಪ್ರಾಜೆಕ್ಟ್ ವರದಿಗಳನ್ನು ಓದುವವರಿಗೆ ಒಂದು ಕೋಷ್ಟಕ ಚಿರಪರಿಚಿತ. ಅಳೆದ ಗುಣಗಳನ್ನು ಎರಡೆರಡಾಗಿ ಜೋಡಿಸಿ ಸಹಸಂಬಂಧ ಗುಣಾಂಕ ಬರೆದಿರುತ್ತಾರೆ. ಕೆಲವು ಅಂಕಿಗಳ ಮೇಲೆ ನಕ್ಷತ್ರ ಚಿಹ್ನೆ ಇರುತ್ತದೆ. ನಕ್ಷತ್ರ ಬಿದ್ದೊಡನೆ ‘ಸಾರ್ಥಕ ಸಂಬಂಧವಿದೆ’ ಎಂಬ ತೀರ್ಮಾನ! ಇಲ್ಲಿ ದೋಷ ಸೂತ್ರದ್ದಲ್ಲ, ಅದನ್ನು ಬಳಸುವ ರೀತಿಯದು.

ಸಾರ್ಥಕತೆಯ ಪರೀಕ್ಷೆ ಕೇಳುವುದು ಇಷ್ಟೇ: ಎರಡು ಗುಣಗಳ ನಡುವೆ ಸಂಬಂಧವೇ ಇಲ್ಲದಿದ್ದರೆ, ಇಷ್ಟು ದೊಡ್ಡ ಗುಣಾಂಕ ಆಕಸ್ಮಿಕವಾಗಿ ಬರುವ ಸಂಭವವೆಷ್ಟು? ಅದು ಶೇ. 5ಕ್ಕಿಂತ ಕಡಿಮೆಯಾದರೆ ಒಂದು ನಕ್ಷತ್ರ, ಶೇ. 1ಕ್ಕಿಂತ ಕಡಿಮೆಯಾದರೆ ಎರಡು. 10 ಜೋಡಿ ಅಳತೆಗಳಿದ್ದರೆ ಒಂದು ನಕ್ಷತ್ರಕ್ಕೆ ಗುಣಾಂಕ 0.632 ಮುಟ್ಟಬೇಕು, 100 ಜೋಡಿಗಳಿದ್ದರೆ 0.197 ಸಾಕು. ಆದರೆ 0.2ರ ವರ್ಗ 0.04. ಅಂದರೆ ಒಂದು ಗುಣದ ಏರಿಳಿತದಲ್ಲಿ ಶೇ. 4ರಷ್ಟನ್ನು ಮಾತ್ರ ಇನ್ನೊಂದು ವಿವರಿಸುತ್ತದೆ. ನಕ್ಷತ್ರವು ಸಂಬಂಧದ ಬಲವನ್ನು ಹೇಳುವುದಿಲ್ಲ.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರೇಷ್ಮೆಗೂಡನ್ನೇ ತೆಗೆದುಕೊಳ್ಳಿ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಯಿಂದ 100 ಗೂಡು ತಂದು ತೂಗಿ, ಸೀಳಿ, ಪ್ಯೂಪಾ ತೆಗೆದು ಕವಚವನ್ನು ಮತ್ತೆ ತೂಗಿದಿರಿ ಎನ್ನೋಣ. ಗೂಡಿನ ತೂಕಕ್ಕೂ ಕವಚದ ತೂಕಕ್ಕೂ ಎರಡು ನಕ್ಷತ್ರದ ಸಂಬಂಧ ಕಂಡರೆ ಅಚ್ಚರಿಯೇನಿಲ್ಲ. ಗೂಡಿನ ತೂಕವೆಂದರೆ ಬಹುಮಟ್ಟಿಗೆ ಕವಚ ಮತ್ತು ಪ್ಯೂಪಾಗಳ ಮೊತ್ತ. ಕವಚಕ್ಕೂ ಪ್ಯೂಪಾಗೂ ಯಾವ ಸಂಬಂಧವೂ ಇಲ್ಲವೆಂದು, ಪ್ಯೂಪಾ ತೂಕದ ಮಾನಕ ವಿಚಲನೆ ಕವಚದ್ದಕ್ಕಿಂತ 3 ಪಟ್ಟು ಎಂದು ಭಾವಿಸಿ. ಆಗಲೂ ಗುಣಾಂಕ 1/√10, ಅಂದರೆ 0.316 ಬರುತ್ತದೆ. 100 ಗೂಡುಗಳಿಗೆ ಎರಡು ನಕ್ಷತ್ರದ ಗಡಿ 0.256 ಮಾತ್ರ. ಇದು ಅಂಕಗಣಿತದ ಫಲ, ಜೀವಕ್ರಿಯೆಯದಲ್ಲ. ಒಂದೇ ಛೇದವಿರುವ ಅನುಪಾತಗಳನ್ನು ಹೋಲಿಸಿದರೂ ಇಂಥ ಹುಸಿ ಸಂಬಂಧ ಹುಟ್ಟುತ್ತದೆಂದು ಕಾರ್ಲ್ ಪಿಯರ್ಸನ್ 1897ರಲ್ಲೇ ಎಚ್ಚರಿಸಿದ್ದ.

ಬೆರಕೆಯ ತೊಂದರೆ ಇನ್ನೊಂದು. ಹೆಣ್ಣು ಹುಳುವಿನ ಗೂಡು ಹೆಚ್ಚು ತೂಗುತ್ತದೆ. ಕವಚದ ಶೇಕಡಾ ಪ್ರಮಾಣ ಗಂಡಿನ ಗೂಡಿನಲ್ಲಿ ಹೆಚ್ಚು. ಎರಡನ್ನೂ ಬೆರೆಸಿದರೆ ತೂಕ ಮತ್ತು ಕವಚದ ಪ್ರಮಾಣಗಳ ಗುಣಾಂಕ ಋಣದ ಕಡೆಗೆ ವಾಲುತ್ತದೆ. ದ್ವಿತಳಿ ಗೂಡುಗಳಲ್ಲಾದರೋ ಮಿಶ್ರತಳಿಗಿಂತ ತೂಕವೂ ಹೆಚ್ಚು, ಕವಚದ ಪ್ರಮಾಣವೂ ಹೆಚ್ಚು. ಈ ಎರಡು ತಳಿಗಳನ್ನು ಬೆರೆಸಿದರೆ ಅದೇ ಗುಣಾಂಕ ಧನದ ಕಡೆಗೆ ವಾಲುತ್ತದೆ. ಎರಡಕ್ಕೂ ನಕ್ಷತ್ರ ಬೀಳಬಹುದು. ಯಾವುದನ್ನು ನಂಬುವಿರಿ?

ಮೂರನೆಯದು ಎಣಿಕೆಯ ದೋಷ. ಹೊಸಕೋಟೆ, ದೊಡ್ಡಬಳ್ಳಾಪುರಗಳ 5 ಹುಳುಮನೆಗಳಿಂದ ತಲಾ 20 ಗೂಡು ತಂದು, ಹುಳುಮನೆಯ ಉಷ್ಣತೆಗೂ ಗೂಡಿನ ತೂಕಕ್ಕೂ ಸಂಬಂಧ ಹುಡುಕುತ್ತೀರಿ. ಇಲ್ಲಿ ಮಾದರಿಯ ಸಂಖ್ಯೆ 100 ಅಲ್ಲ, 5. ಉಷ್ಣತೆಯ ಅಳತೆ ಇರುವುದೇ ಐದು. ಒಂದು ಮನೆಯ ಹುಳುಗಳೆಲ್ಲ ತಿಂದದ್ದು ಒಂದೇ ತೋಟದ ಸೊಪ್ಪು. ಆದ್ದರಿಂದ ದಾಟಬೇಕಾದ ಗಡಿ 0.197 ಅಲ್ಲ, 0.878.

ಹಲವು ಗುಣಗಳನ್ನು ಅಳೆದಾಗಲೂ ಜಾಗ್ರತೆ ಬೇಕು. 10 ಗುಣಗಳಿಂದ 45 ಜೋಡಿಗಳಾಗುತ್ತವೆ. ಯಾವ ಸಂಬಂಧವೂ ಇಲ್ಲದಿದ್ದರೂ ಸರಾಸರಿ ಎರಡು ಜೋಡಿಗೆ ನಕ್ಷತ್ರ ಸಿಕ್ಕೇ ಸಿಗುತ್ತದೆ.

ಹಾಗಾದರೆ ಗುಣಾಂಕವನ್ನು ಬಿಡಬೇಕೇ? ಬೇಕಿಲ್ಲ. ಮೊದಲು ಆಲೇಖ ಬರೆಯಿರಿ. ತಳಿ, ಲಿಂಗಗಳನ್ನು ಬೇರೆ ಬೇರೆ ಗುರುತಿನಿಂದ ತೋರಿಸಿ. ಒಂದು ಇನ್ನೊಂದರ ಭಾಗವೇ ಎಂದು ನೋಡಿ. ಕವಚವನ್ನು ಗೂಡಿನೊಡನಲ್ಲ, ಪ್ಯೂಪಾದೊಡನೆ ಹೋಲಿಸಿ. ಪರಸ್ಪರ ಸ್ವತಂತ್ರವಾದ ಅಳತೆಗಳೆಷ್ಟು ಎಂದು ಎಣಿಸಿ. ನಕ್ಷತ್ರದ ಬದಲು ಗುಣಾಂಕದ ವ್ಯಾಪ್ತಿ ಕೊಡಿ. 10 ಜೋಡಿಗಳಲ್ಲಿ 0.632 ಬಂದಾಗ, ಶೇ. 95ರ ಭರವಸೆಯ ವ್ಯಾಪ್ತಿ ಸುಮಾರು 0ಯಿಂದ 0.90ರವರೆಗೆ ಹರಡಿರುತ್ತದೆ. ಇದನ್ನು ಕಂಡ ವಿದ್ಯಾರ್ಥಿ ‘ಸಂಬಂಧ ಸಿದ್ಧವಾಯಿತು’ ಎಂದು ಬರೆಯುವ ಮುನ್ನ ಇನ್ನಷ್ಟು ಗೂಡುಗಳನ್ನು ತೂಗುತ್ತಾನೆ.